ಟ್ಯಾಗ್ ಹಾಕಲು ಕಲಿತೆವು, ಉತ್ತರ ಕೊಡಲು?

ಇಂಗ್ಲಿಷ್ ವಾಕ್ಯದ ಕೊನೆಗೆ ನಮ್ಮ ‘ಅಲ್ವಾ?’ ಥರ ಅಂಟಿಸುವ ಪುಟ್ಟ ಪ್ರಶ್ನೆಯೇ ಕ್ವೆಶ್ಚನ್ ಟ್ಯಾಗ್. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಅದು ಸುಲಭವಾಗಿ ಸಿಗುವ ಅಂಕ. ವಾಕ್ಯ ಪಾಸಿಟಿವ್ ಇದ್ದರೆ ಟ್ಯಾಗ್ ನೆಗೆಟಿವ್, ವಾಕ್ಯ ನೆಗೆಟಿವ್ ಇದ್ದರೆ ಟ್ಯಾಗ್ ಪಾಸಿಟಿವ್. ಹೆಲ್ಪಿಂಗ್ ವರ್ಬ್ (ಈಸ್, ಹ್ಯಾವ್, ಕ್ಯಾನ್ ಥರದ್ದು) ಎತ್ತಿಕೊಂಡು ಕೊನೆಗೆ ಅಂಟಿಸು. ಅದು ಇಲ್ಲದಿದ್ದರೆ ಡೂ, ಡಸ್, ಡಿಡ್ ತಂದುಕೋ. ‘ರವಿ ಪ್ಲೇಸ್ ಕ್ರಿಕೆಟ್, ಡಸಂಟ್ ಹೀ?’ ಮುಗೀತು.

ನಡುವೆ ಕೆಲವು ಗುಂಡಿಗಳಿವೆ, ನಿಜ. ‘ಲೆಟ್ಸ್ ಗೋ’ ಅಂದರೆ ‘ಶಲ್ ವೀ?’ ‘ನೋಬಡಿ ಕೇಮ್’ ಅಂದರೆ ‘ಡಿಡ್ ದೇ?’ ಯಾಕೆಂದರೆ ‘ನೋಬಡಿ’ ಒಳಗೇ ಇಲ್ಲ ಎನ್ನುವುದು ಕೂತಿದೆ. ‘ಹಾರ್ಡ್ಲಿ’, ‘ಸೆಲ್ಡಮ್’ ಕೂಡ ಅದೇ ಜಾತಿ. ‘ಐ ಆಮ್ ಲೇಟ್’ಗೆ ‘ಆರಂಟ್ ಐ?’ ಅನ್ನಬೇಕು. ವಿಚಿತ್ರ ಅನಿಸುತ್ತದೆ. ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯವರು ‘ಆಮಂಟ್ ಐ?’ ಅಂತಲೇ ಮಾತಾಡುತ್ತಾರೆ, ಆದರೆ ನಮ್ಮ ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಗಲ್ಲ!

ಎಲ್ಲದಕ್ಕೂ ‘ಇಸಂಟ್ ಇಟ್?’ ಅನ್ನುವವರನ್ನು ನೋಡಿ ನಗುವ ಚಾಳಿಯೊಂದಿದೆ. ‘ಯೂ ಆರ್ ಕಮಿಂಗ್, ಇಸಂಟ್ ಇಟ್?’ ಬರೆಯುವಾಗ ತಪ್ಪು, ಒಪ್ಪುತ್ತೇನೆ. ಮಾತಿನಲ್ಲಿ ಯಾರಿಗೂ ಅರ್ಥವಾಗದೆ ಹೋಗಲ್ಲ. ಲಂಡನ್ನಿನ ಹುಡುಗರು ಎಲ್ಲ ವಾಕ್ಯಕ್ಕೂ ‘ಇನಿಟ್?’ ಸೇರಿಸಿಕೊಂಡು ಆರಾಮಾಗಿದ್ದಾರೆ. ಅವರನ್ನು ಬಿಟ್ಟು ನಮ್ಮವರನ್ನೇ ಯಾಕೆ ಆಡಿಕೊಳ್ಳಬೇಕು?

ನನ್ನ ತಕರಾರು ಬೇರೆ. ಟ್ಯಾಗ್ ಹಾಕಲು ಹೇಳಿಕೊಡುತ್ತೇವೆ, ಟ್ಯಾಗ್ ಹಾಕಿ ಕೇಳಿದರೆ ಉತ್ತರ ಹೇಗೆ ಕೊಡಬೇಕು ಅಂತ ಹೇಳಿಕೊಡುವುದು ತೀರಾ ಕಡಿಮೆ. ನಿಜವಾದ ಎಡವಟ್ಟು ಆಗುವುದು ಅಲ್ಲೇ.

ಆಫೀಸಿನ ಕಾಲ್‌ನಲ್ಲಿ ಅಮೆರಿಕದವರೊಬ್ಬರು ಕೇಳುತ್ತಾರೆ: ‘ಯೂ ಹ್ಯಾವಂಟ್ ಸೆಂಟ್ ದ ಫೈಲ್, ಹ್ಯಾವ್ ಯೂ?’ ನಮ್ಮ ಹುಡುಗ ಇನ್ನೂ ಕಳಿಸಿಲ್ಲ. ‘ಯೆಸ್’ ಅನ್ನುತ್ತಾನೆ. ಕನ್ನಡದಲ್ಲಿ ಅದು ಸರಿ. ‘ಇನ್ನೂ ಕಳಿಸಿಲ್ಲ ಅಲ್ವಾ?’ ‘ಹೌದು, ಕಳಿಸಿಲ್ಲ.’ ಕೇಳಿದವರ ಮಾತನ್ನು ನಾವು ಒಪ್ಪುತ್ತೇವೆ. ಇಂಗ್ಲಿಷ್‌ನವರಿಗೆ ಕೆಲಸ ಆಯಿತೋ ಇಲ್ಲವೋ ಅನ್ನುವುದಷ್ಟೇ ಲೆಕ್ಕ. ಆಗಿದ್ದರೆ ಯೆಸ್, ಆಗದಿದ್ದರೆ ನೋ. ಪ್ರಶ್ನೆ ಯಾವ ಕಡೆಯಿಂದ ಬಂದರೂ ಅಷ್ಟೇ. ಅತ್ತ ಕಡೆಯವರು ‘ಯೆಸ್’ ಕೇಳಿ ಫೈಲ್ ಬಂದಿದೆ ಅಂತ ಮೇಲ್ ಎಲ್ಲ ಹುಡುಕುತ್ತಾರೆ. ಬರೀ ಯೆಸ್, ನೋ ಹೇಳಿ ಬಿಡದೆ ‘ನೋ, ಐ ಹ್ಯಾವಂಟ್’ ಅಂದುಬಿಟ್ಟರೆ ಈ ರಗಳೆಯೇ ಇಲ್ಲ. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿಸಿ ರೂಢಿ ಮಾಡಿಸಲು ಹತ್ತು ನಿಮಿಷ ಸಾಕು.

ಇನ್ನೊಂದು, ದನಿ. ‘ಇಟ್ಸ್ ಹಾಟ್, ಇಸಂಟ್ ಇಟ್?’ ಅಂತ ಕೊನೆಯಲ್ಲಿ ದನಿ ಇಳಿಸಿದರೆ ಸುಮ್ನೆ ಮಾತಿಗೆ ಎಳೆಯುತ್ತಿದ್ದಾರೆ ಅಂತ. ದನಿ ಏರಿಸಿದರೆ ಅವರಿಗೆ ನಿಜವಾಗಲೂ ಗೊತ್ತಿಲ್ಲ, ಕೇಳುತ್ತಿದ್ದಾರೆ. ಪುಸ್ತಕದಲ್ಲಿ ಎರಡೂ ಒಂದೇ ಥರ ಅಚ್ಚಾಗಿರುತ್ತವೆ.

ಪಾಸಿಟಿವ್ ವಾಕ್ಯಕ್ಕೆ ಪಾಸಿಟಿವ್ ಟ್ಯಾಗೇ ಬರುವುದೂ ಉಂಟು. ‘ಸೋ ಯೂ ಆರ್ ಬಿಝಿ, ಆರ್ ಯೂ?’ ‘ಓಹೋ, ಬಿಝಿನಾ ನೀವು?’ ಅನ್ನುವ ಕೊಂಕು ಅದರಲ್ಲಿ ಇರಬಹುದು. ನಿಮ್ಮ ಮ್ಯಾನೇಜರ್ ಹಾಗೆ ಕೇಳಿದರೆ ದಯವಿಟ್ಟು ಅವರ ಗ್ರಾಮರ್ ತಿದ್ದಲು ಹೋಗಬೇಡಿ.