ರಕ್ತಪರೀಕ್ಷೆ ಗಂಡನಿಗೂ ಆಗಲಿ

ಗದಗಕ್ಕೆ ಕೊಟ್ಟಿರುವ ನನ್ನ ತಂಗಿಗೆ ನಾಲ್ಕು ವರ್ಷಗಳಲ್ಲಿ ಮೂರು ಬಾರಿ ಗರ್ಭಪಾತವಾಯಿತು. "ಆಕೀ ಹೊಟ್ಟ್ಯಾಗ ಕೂಸು ನಿಲ್ಲೂದಿಲ್ಲ" ಎಂಬ ಮಾತು ಓಣಿಯಲ್ಲೆಲ್ಲ ಹಬ್ಬಿ, ನೆರೆಮನೆಯ ಕುಬಸಕ್ಕೂ ಆಕೆಯನ್ನು ಕರೆಯುವುದು ನಿಂತಿತು. ಸ್ಕ್ಯಾನಿಂಗ್, ಥೈರಾಯ್ಡ್, ಸಕ್ಕರೆ ಎಂದು ಎಲ್ಲ ಪರೀಕ್ಷೆಗಳೂ ಆಕೆಯೊಬ್ಬಳಿಗೇ ನಡೆದವು. ಕೊನೆಗೆ ಹುಬ್ಬಳ್ಳಿಯ ವೈದ್ಯೆಯೊಬ್ಬರು ಗಂಡ ಹೆಂಡತಿ ಇಬ್ಬರ ವರ್ಣತಂತುಗಳನ್ನೂ (ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತಿರುವ ಎಳೆಗಳು, ಕ್ರೋಮೋಸೋಮ್) ನೋಡಬೇಕೆಂದು ಕ್ಯಾರಿಯೊಟೈಪ್ ಪರೀಕ್ಷೆ ಬರೆದುಕೊಟ್ಟರು. ಅವರಿಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ರಕ್ತದ ಬಿಳಿಕಣಗಳನ್ನು ಸುಮಾರು ಮೂರು ದಿನ ಬೆಳೆಸಿ, ವಿಭಜನೆಯ ನಡುವೆಯೇ ತಡೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರ ವರದಿಯ ಜೊತೆಗಿತ್ತು. ತಂಗಿಯದು ಸಹಜವಾಗಿತ್ತು. ಆಕೆಯ ಗಂಡನಲ್ಲೂ ಎಲ್ಲರಂತೆ 46 ವರ್ಣತಂತುಗಳೇ, ಅಂದರೆ 23 ಜೋಡಿಗಳೇ ಇದ್ದವು. ಆದರೆ ವೈದ್ಯೆ ಕಪ್ಪು-ಬಿಳಿ ಪಟ್ಟೆಗಳ ಮೇಲೆ ಪೆನ್ನಿನ ತುದಿಯಿಟ್ಟು ತೋರಿಸಿದಾಗ, 4ನೆಯ ಜೋಡಿಯ ಒಂದರ ತುಂಡು 11ನೆಯ ಜೋಡಿಯ ಒಂದಕ್ಕೂ, ಅದರ ತುಂಡು ಇದಕ್ಕೂ ಅಂಟಿಕೊಂಡಿದ್ದುದು ನನಗೂ ಕಂಡಿತು. ಇದಕ್ಕೆ ಸಮತೋಲಿತ ಸ್ಥಾನಾಂತರ ಎನ್ನುತ್ತಾರೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ವಂಶವಾಹಿಗಳ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಆಗಿರುವುದಿಲ್ಲವಾದ್ದರಿಂದ, ಬಹುತೇಕ ಎಲ್ಲರೂ ಆರೋಗ್ಯವಾಗಿಯೇ ಬಾಳುತ್ತಾರೆ.

ತೊಡಕಾಗುವುದು ವೀರ್ಯಾಣು ಅಥವಾ ಅಂಡಾಣು ತಯಾರಾಗುವಾಗ. ಎರಡೂ ಸಹಜ ವರ್ಣತಂತುಗಳು ಹೋದರೆ ಮಗುವೂ ಸಹಜ. ಬದಲಾದ ಎರಡೂ ಹೋದರೆ ಮಗು ತಂದೆಯಂತೆಯೇ ಆರೋಗ್ಯವಂತ ವಾಹಕ. ಬದಲಾದದ್ದು ಒಂದೇ ಹೋದರೆ ಒಂದು ತುಂಡು ಹೆಚ್ಚಾಗಿ ಇನ್ನೊಂದು ಕಡಿಮೆಯಾಗುತ್ತದೆ. ಅಂಥ ಭ್ರೂಣ ಹೆಚ್ಚಿನ ಸಲ ಉಳಿಯುವುದಿಲ್ಲ, ಉಳಿದರೂ ಮಗುವಿಗೆ ಹುಟ್ಟಿನಿಂದಲೇ ತೀವ್ರ ತೊಂದರೆಗಳಿರಬಹುದು. 14 ಮತ್ತು 21ನೆಯ ವರ್ಣತಂತುಗಳು ಬೆಸೆದು ಒಂದಾಗಿ, ಒಟ್ಟು 45 ಮಾತ್ರ ಇರುವವರೂ ಇದ್ದಾರೆ. ಅವರ ಮಕ್ಕಳಿಗೆ ಡೌನ್ ಸಿಂಡ್ರೋಮ್ ಬರುವ ಸಂಭವ ಹೆಚ್ಚು.

ಪದೇ ಪದೇ ಗರ್ಭಪಾತವಾಗುವ ದಂಪತಿಗಳಲ್ಲಿ ನೂರಕ್ಕೆ ಮೂರರಿಂದ ಐದು ಜೋಡಿಗಳಲ್ಲಿ ಮಾತ್ರ ಇಂಥ ಕಾರಣ ಸಿಗುತ್ತದೆಂಬುದು ನಿಜ. ಆದರೂ ಅದು ಗಂಡನಲ್ಲಿರಬಹುದಾದಾಗ, ಹೆಂಡತಿಯೊಬ್ಬಳನ್ನೇ ವರ್ಷಗಟ್ಟಲೆ ಸೂಜಿಗೂ ನಿಂದೆಗೂ ಒಡ್ಡುವುದು ಅನ್ಯಾಯವೆಂದೇ ನಾನು ಹೇಳುತ್ತೇನೆ. ಹಾಗೆಂದು ಈಗ ತಪ್ಪನ್ನು ಆತನ ತಲೆಗೆ ಕಟ್ಟುವುದೂ ಬೇಡ. ಹುಟ್ಟುವಾಗಲೇ ಬಂದದ್ದಕ್ಕೆ ಯಾರೂ ಹೊಣೆಯಲ್ಲ. ಇಂಥ ದಂಪತಿಗಳಿಗೆ ದಾರಿಗಳೂ ಇವೆ: ಸಹಜವಾಗಿ ಮತ್ತೆ ಪ್ರಯತ್ನಿಸಿ, ಗರ್ಭ ನಿಂತ ಮೇಲೆ ಗರ್ಭನೀರಿನ ಪರೀಕ್ಷೆ ಮಾಡಿಸಬಹುದು, ಇಲ್ಲವೇ ಐವಿಎಫ್‌ನಲ್ಲಿ ಭ್ರೂಣವನ್ನು ಮೊದಲೇ ಪರೀಕ್ಷಿಸಬಹುದು.

ತಂಗಿಯ ಗಂಡನ ಒಡಹುಟ್ಟಿದವರಲ್ಲೂ ಇದು ಇರಬಹುದು ಎಂದು ವೈದ್ಯೆ ಹೇಳಿದ್ದರು. ಹಾವೇರಿಯಲ್ಲಿರುವ ಆತನ ಅಕ್ಕನಿಗೂ ಎರಡು ಬಾರಿ ಗರ್ಭ ಹೋಗಿದೆ. ಕಳೆದ ಸೋಮವಾರ ಆಕೆಯ ರಕ್ತ ಕೊಡಿಸಲು ಹುಬ್ಬಳ್ಳಿಗೆ ಕರೆತಂದವರು ನನ್ನ ತಂಗಿಯ ಅತ್ತೆಯವರೇ.