ನಾಲ್ಕು ಟೈರು, ನಲವತ್ತು ಸಲಹೆ

ಕಾರಿನ ಟೈರು ಸವೆದಿದೆ ಅನ್ನುವುದು ಮೊದಲು ಗೊತ್ತಾಗುವುದು ಕಾರು ಓಡಿಸುವವರಿಗಲ್ಲ, ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವ ಹುಡುಗನಿಗೆ. "ಸಾರ್, ಮುಂದಿನ ಎರಡೂ ನುಣ್ಣಗಾಗಿದೆ" ಎಂದು ಅವನು ಅಂದದ್ದೇ ತಡ, ಮನೆಮಂದಿಗೆಲ್ಲ ಟೈರ್ ಶಾಸ್ತ್ರದಲ್ಲಿ ಪಾಂಡಿತ್ಯ ಬಂದುಬಿಡುತ್ತದೆ. ಎಂಆರ್‌ಎಫ್ ಬಿಟ್ಟು ಬೇರೆ ಮಾತೇ ಬೇಡ ಅನ್ನುವ ಭಾವ, ಮಿಶೆಲಿನ್ ಹಾಕಿಸದಿದ್ದರೆ ಕಾರು ಯಾಕೆ ಬೇಕು ಅನ್ನುವ ಚಿಕ್ಕಪ್ಪನ ಮಗ, "ಇನ್ನೂ ಹತ್ತು ಸಾವಿರ ಆರಾಮಾಗಿ ಓಡತ್ತೆ ಕಣ್ರೀ" ಅನ್ನುವ ಎದುರುಮನೆಯ ನಿವೃತ್ತ ಎಂಜಿನಿಯರು. ಈ ಮೂವರಲ್ಲಿ ಒಬ್ಬರೂ ಬಗ್ಗಿ ಟೈರು ನೋಡಿರುವುದಿಲ್ಲ.

ಬಗ್ಗಿದರೆ ಉತ್ತರ ಅಲ್ಲೇ ಇದೆ. ಟೈರಿನ ಉದ್ದುದ್ದ ತೋಡುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಒಂದೊಂದು ಸಣ್ಣ ರಬ್ಬರ್ ದಿಂಡು ಇರುತ್ತದೆ. ಅದರ ಎತ್ತರ 1.6 ಮಿ.ಮೀ. ಸುತ್ತಲಿನ ರಬ್ಬರು ಸವೆದು ಈ ದಿಂಡಿಗೆ ಸಮನಾದರೆ ಟೈರಿನ ಆಯಸ್ಸು ಮುಗಿಯಿತು. ಹೊಸ ಟೈರಿನಲ್ಲಿ ಈ ತೋಡಿನ ಆಳ 7ರಿಂದ 8 ಮಿ.ಮೀ. ಇರುತ್ತದೆ. ನೀರನ್ನು ಹೊರಕ್ಕೆ ತಳ್ಳುವುದೇ ತೋಡುಗಳ ಕೆಲಸ. ಹಾಗಾಗಿ ಜೂನ್ ತಿಂಗಳಲ್ಲಿ ಶಿರಾಡಿ, ಚಾರ್ಮಾಡಿ ಇಳಿಯುವವರು 1.6ರವರೆಗೆ ಕಾಯಬಾರದು, 3 ಮಿ.ಮೀ. ಆಗುತ್ತಲೇ ಬದಲಿಸಬೇಕು. ಬರೀ ಬೆಂಗಳೂರು ಟ್ರಾಫಿಕ್ಕಿನಲ್ಲಿ ತೆವಳುವ ಕಾರಾದರೆ ಎಂಜಿನಿಯರ್ ಮಾತಿಗೆ ಸ್ವಲ್ಪ ಮರ್ಯಾದೆ ಕೊಡಬಹುದು.

ಹೊಸದು ಕೊಳ್ಳುವ ಮೊದಲು ಹಳೆಯದು ಹೇಗೆ ಸವೆದಿದೆ ಎಂದು ನೋಡಬೇಕು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಇತ್ತು, ಎರಡೂ ಅಂಚು ಸವೆದಿದ್ದರೆ ಕಮ್ಮಿ ಇತ್ತು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನ, ಕೆಟ್ಟಿದೆ. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಕೈಕೊಟ್ಟಿದೆ. ಇದನ್ನು ಸರಿಮಾಡಿಸದೆ ಹೊಸ ಟೈರು ಹಾಕಿಸಿದರೆ ಆರು ತಿಂಗಳಲ್ಲಿ ಅದೇ ಅಂಚು ಮತ್ತೆ ಮಾಯ. ಆಗ ಬೈಗುಳ ತಿನ್ನುವುದು ಪಾಪ, ಕಂಪನಿ.

ಇನ್ನು ಸೈಜು. ಮಾರುತಿಯ ಡಿಸೈರ್‌ನ ಮೇಲಿನ ಮಾಡೆಲ್‌ಗಳಲ್ಲಿ ಬರುವ, ಸಿಯಾಜ್‌ನಲ್ಲಿ ಬರುತ್ತಿದ್ದ 185/65 ಆರ್15 ಅನ್ನೇ ತೆಗೆದುಕೊಳ್ಳಿ. 185 ಅಂದರೆ ಅಗಲ, ಮಿ.ಮೀ. ಲೆಕ್ಕದಲ್ಲಿ. 65 ಎತ್ತರ ಅಂತ ತಿಳಿದವರೇ ಹೆಚ್ಚು, ಅದು ಶೇಕಡಾವಾರು. 185ರ ಶೇ. 65, ಅಂದರೆ ಸುಮಾರು 120 ಮಿ.ಮೀ. ಸೈಡ್‌ವಾಲ್, ಟೈರಿನ ಪಕ್ಕದ ಗೋಡೆ. ಆರ್ ಅಂದರೆ ರೇಡಿಯಲ್, ಒಳಗಿನ ದಾರಗಳನ್ನು ಅಡ್ಡಕ್ಕೆ ಜೋಡಿಸಿದ ಬಗೆ. 15 ಅಂದರೆ ಟೈರು ಕೂರುವ ಡಿಸ್ಕಿನ ವ್ಯಾಸ, ಇಂಚಿನಲ್ಲಿ. ಎಲ್ಲ ಕೂಡಿದರೆ ಟೈರಿನ ಒಟ್ಟು ವ್ಯಾಸ 621 ಮಿ.ಮೀ. ಚಿಲ್ಲರೆ.

ಇಲ್ಲಿಗೆ ಬರುತ್ತಲೇ ಅಂಗಡಿಯವನು ಧ್ವನಿ ತಗ್ಗಿಸಿ, "ಒಂದು ಸೈಜ್ ಮೇಲೆ ಹಾಕಿಬಿಡಲಾ ಸಾರ್? ಗಾಡಿ ಎತ್ತರ ಆಗತ್ತೆ, ಲುಕ್ಕೂ ಬರತ್ತೆ" ಅನ್ನುತ್ತಾನೆ. 195/65 ಹಾಕಿದರೆ ವ್ಯಾಸ 634.5 ಆಗುತ್ತದೆ, ಶೇ. 2ರಷ್ಟು ಹೆಚ್ಚು. ನೆಲದಿಂದ ಕಾರು ಏಳುವುದು ಅದರ ಅರ್ಧ, ಆರೂವರೆ ಮಿ.ಮೀ. ನಮ್ಮ ಕಾಲೊನಿಗಳ ರಸ್ತೆ ಉಬ್ಬುಗಳಿಗೆ ಇದು ಗೊತ್ತೂ ಆಗುವುದಿಲ್ಲ. ಬದಲಿಗೆ ಸ್ಪೀಡೋಮೀಟರು ಮೊದಲಿಗಿಂತ ಕಮ್ಮಿ ತೋರಿಸುತ್ತದೆ, ಸ್ಟೀರಿಂಗ್ ಸ್ವಲ್ಪ ಭಾರ, ಮೈಲೇಜು ಸ್ವಲ್ಪ ಹಗುರ. 205/65ರ ಆಸೆಗೆ ಬಿದ್ದರೆ ಶೇ. 4ರ ಮೇಲೆ ಹೋಗುತ್ತದೆ, ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಿ 'ಸರ್ರ್' ಅನ್ನಲೂಬಹುದು. ಅದೇ ಕಾರು ಕಂಪನಿಯವರು ಹೆಚ್ಚು ದುಡ್ಡಿನ ಮಾಡೆಲ್‌ಗೆ 16 ಇಂಚಿನ ಡಿಸ್ಕ್ ಕೊಡುವಾಗ ಏನು ಮಾಡಿದ್ದರು ನೋಡಿ: ಸಿಯಾಜ್‌ಗೆ 195/55 ಆರ್16. ಅದರ ವ್ಯಾಸ 620.9, ಹಳೆಯದಕ್ಕೂ ಹೊಸದಕ್ಕೂ ಅಂತರ ಒಂದು ಮಿ.ಮೀ. ಕೂಡ ಇಲ್ಲ.

ಸೈಜಿನ ಪಕ್ಕದ 88ಎಚ್ ಅನ್ನುವುದನ್ನು ಯಾರೂ ಕೇಳುವುದಿಲ್ಲ. 88 ಅನ್ನುವುದು ಭಾರದ ಸೂಚ್ಯಂಕ, ಒಂದು ಟೈರು 560 ಕೆ.ಜಿ. ಹೊರುತ್ತದೆ. ಎಚ್ ಅಂದರೆ ಗಂಟೆಗೆ 210 ಕಿ.ಮೀ., ಟಿ ಅಂದರೆ 190, ಎಸ್ ಅಂದರೆ 180. ನೂರರ ಮಿತಿ ಇರುವ ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ 210 ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಅಕ್ಷರ ಬರೀ ವೇಗದ್ದಲ್ಲ, ಬಿಸಿ ತಡೆಯುವ ತಾಕತ್ತಿನದೂ ಹೌದು. ಏಪ್ರಿಲ್‌ನಲ್ಲಿ ಐದು ಜನ, ಡಿಕ್ಕಿ ತುಂಬ ಮಾವಿನಹಣ್ಣು ಹಾಕಿಕೊಂಡು ಚಿತ್ರದುರ್ಗ ದಾಟುವಾಗ ಆ ತಾಕತ್ತು ಬೇಕಾಗುತ್ತದೆ. ಕಾರಿನ ಕೈಪಿಡಿಯಲ್ಲಿ ಹೇಳಿದ ಅಂಕಿ-ಅಕ್ಷರಕ್ಕಿಂತ ಮೇಲಿನದು ಹಾಕಬಹುದು, ಕೆಳಗಿನದು ಬೇಡವೇ ಬೇಡ.

ಈಗ ಎಲ್ಲರೂ ಕಾಯುತ್ತಿದ್ದ ಜಗಳ, ಬ್ರ್ಯಾಂಡು. ಇದರಲ್ಲಿ ಅಭಿಮಾನವೇ ಮುಕ್ಕಾಲು ಪಾಲು. ಎಂಆರ್‌ಎಫ್ ಎಂದರೆ ಬ್ಯಾಟಿನ ಮೇಲಿನ ಸ್ಟಿಕ್ಕರು ನೆನಪಾಗುವ ಭಾವನಿಗೆ, ಆ ಕಂಪನಿ 1946ರಲ್ಲಿ ಮದ್ರಾಸಿನಲ್ಲಿ ಆಟಿಕೆ ಬಲೂನು ಮಾಡುತ್ತ ಶುರುವಾಯಿತು ಎಂದರೆ ಬೇಜಾರು. ಸಿಯಟ್ ನಮ್ಮದು ಅನ್ನುವವರಿಗೆ ಅದು 1924ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಹುಟ್ಟಿದ್ದು ಎಂದು ಹೇಳಬಾರದು. ಮಿಶೆಲಿನ್‌ನವರು 1900ರಲ್ಲಿ ಪ್ರವಾಸದ ಕೈಪಿಡಿ ಹಂಚಲು ಶುರುಮಾಡಿದರು. ಜನ ಹೆಚ್ಚು ಸುತ್ತಲಿ, ಟೈರು ಹೆಚ್ಚು ಸವೆಯಲಿ ಎಂಬ ದೂರದೃಷ್ಟಿ. ಇವತ್ತು ಅದೇ ಕೈಪಿಡಿಯ ನಕ್ಷತ್ರಕ್ಕಾಗಿ ಜಗತ್ತಿನ ಬಾಣಸಿಗರು ನಿದ್ದೆಗೆಡುತ್ತಾರೆ. ಮೈಸೂರಿನವರಿಗಂತೂ ವಿಕ್ರಾಂತ್ ಟೈರ್ ಅಂದರೆ ಮನೆಮಗ. 1997ರಲ್ಲಿ ಅದು ಜೆಕೆ ಟೈರ್ ಪಾಲಾಯಿತು, ಅಭಿಮಾನ ಮಾತ್ರ ಹಸ್ತಾಂತರವಾಗಲಿಲ್ಲ.

ನಿಜ ಹೇಳಬೇಕೆಂದರೆ ಹೋಲಿಸಬೇಕಾದ್ದು ಕಂಪನಿ ಕಂಪನಿಗಳನ್ನಲ್ಲ, ಒಂದೇ ಕಂಪನಿಯ ಮಾದರಿ ಮಾದರಿಗಳನ್ನು. ಟೈರ್ ಮಾಡುವವರ ಮುಂದೆ ಮೂರು ಬೇಡಿಕೆ ಇರುತ್ತವೆ: ಮಳೆಯಲ್ಲಿ ಹಿಡಿತ ಇರಬೇಕು, ಹೆಚ್ಚು ಬಾಳಬೇಕು, ಪೆಟ್ರೋಲು ಉಳಿಸಬೇಕು. ಒಂದನ್ನು ಎಳೆದರೆ ಇನ್ನೊಂದು ಜಾರುತ್ತದೆ. ಮೆತ್ತನೆ ರಬ್ಬರು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಹಳ ಕಾಲ ಬಾಳುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತದೆ. ರಬ್ಬರಿಗೆ ಸಿಲಿಕಾ ಎಂಬ ಪುಡಿ ಬೆರೆಸಿದರೆ ಹಿಡಿತವೂ ಉಳಿತಾಯವೂ ಒಟ್ಟಿಗೆ ಸುಧಾರಿಸುತ್ತವೆ, ಬೆಲೆ ಏರುತ್ತದೆ. ಹಾಗಾಗಿ ಎಲ್ಲ ಕಂಪನಿಗಳೂ ಎರಡೆರಡು ಕುದುರೆ ಸಾಕಿರುತ್ತವೆ. ಅಪೊಲೊದಲ್ಲಿ ಬಾಳಿಕೆಗೆ ಅಮೇಜರ್ 4ಜಿ ಲೈಫ್, ಹಿಡಿತಕ್ಕೆ ಅಲ್ನಾಕ್ 4ಜಿ. ಸಿಯಟ್‌ನಲ್ಲಿ ಮೈಲೇಜ್ ಎಕ್ಸ್3 ಒಂದು ಕಡೆ, ಸೆಕ್ಯುರಾಡ್ರೈವ್ ಇನ್ನೊಂದು ಕಡೆ. ಗುಡ್‌ಇಯರ್‌ನಲ್ಲಿ ಡ್ಯುರಾಪ್ಲಸ್ ಮತ್ತು ಟ್ರಿಪಲ್‌ಮ್ಯಾಕ್ಸ್. ಜೆಕೆಯ ಟ್ಯಾಕ್ಸಿಮ್ಯಾಕ್ಸ್ ಯಾರಿಗೆ ಅಂತ ಹೆಸರಲ್ಲೇ ಇದೆ. ವರ್ಷಕ್ಕೆ ಎಂಟು ಸಾವಿರ ಕಿ.ಮೀ. ಓಡಿಸುವ ಸಂಸಾರಸ್ಥರು ಲಕ್ಷ ಕಿ.ಮೀ. ಬಾಳುವ ಟೈರು ಕೇಳಿ ಪಡೆದರೆ, ಅದು ಸವೆಯಲು ಹನ್ನೆರಡು ವರ್ಷ ಬೇಕು. ರಬ್ಬರು ಅಷ್ಟರಲ್ಲಿ ಒಣಗಿ ಬಿರುಕು ಬಿಟ್ಟಿರುತ್ತದೆ. ಆರು ವರ್ಷ ದಾಟಿದ ಟೈರನ್ನು ವರ್ಷವರ್ಷವೂ ತೋರಿಸಬೇಕು, ಹತ್ತಾದ ಮೇಲೆ ತೋಡಿನ ಆಳ ಎಷ್ಟೇ ಇದ್ದರೂ ಕಿತ್ತುಹಾಕಬೇಕು. ಸಂಸಾರದ ಸೆಡಾನಿಗೆ ಹಿಡಿತದ ಟೈರೇ ಸರಿ, ಇದರಲ್ಲಿ ಚೌಕಾಸಿ ಬೇಡ.

ಸೈಡ್‌ವಾಲ್ ಮೇಲೆ 'ಟ್ರೆಡ್‌ವೇರ್ 400' ಅಂತ ಏನಾದರೂ ಇದ್ದರೆ ಅದು ಅಮೆರಿಕದ ಬಾಳಿಕೆ ಅಂಕ. ಮಾನದಂಡದ ಟೈರಿಗೆ 100 ಅಂತ ಇಟ್ಟುಕೊಂಡರೆ ಇದು ನಾಲ್ಕು ಪಟ್ಟು ಅಂತ. ಒಂದೇ ತೊಡಕು, ಅಂಕ ಕೊಟ್ಟುಕೊಳ್ಳುವವರು ತಯಾರಕರೇ. ಪ್ರಶ್ನೆಪತ್ರಿಕೆ ಸರ್ಕಾರದ್ದು, ಮೌಲ್ಯಮಾಪನ ವಿದ್ಯಾರ್ಥಿಯದು. ಒಂದೇ ಕಂಪನಿಯ ಎರಡು ಮಾದರಿ ಹೋಲಿಸಲು ಇದು ಸಾಕು, ಬೇರೆ ಬೇರೆ ಕಂಪನಿಗಳ ನಡುವೆ ಪಂಚಾಯ್ತಿಗೆ ಬರುವುದಿಲ್ಲ.

ಅಂಗಡಿಗೆ ಹೋದಾಗ, ಅದು ಜೆ.ಸಿ. ರಸ್ತೆಯಾಗಲಿ ಊರಿನ ಬಸ್‌ಸ್ಟ್ಯಾಂಡ್ ಪಕ್ಕದ್ದಾಗಲಿ, ಮೊದಲು ಕೇಳಬೇಕಾದ್ದು ಬೆಲೆಯಲ್ಲ, ಟೈರಿನ ಹುಟ್ಟಿದ ದಿನ. DOT ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕಂಕಿ ಇರುತ್ತದೆ. 2325 ಅಂದರೆ 2025ರ 23ನೇ ವಾರ. ಇದು ಸಾಮಾನ್ಯವಾಗಿ ಟೈರಿನ ಒಂದೇ ಮಗ್ಗುಲಲ್ಲಿರುತ್ತದೆ. ಅಂಗಡಿಯವನು ತೋರಿಸುತ್ತಿರುವುದು ಯಾವಾಗಲೂ ಇನ್ನೊಂದು ಮಗ್ಗುಲು. ಉರುಳಿಸಿ ನೋಡಿ. ನಾಲ್ಕೂ ಟೈರಿನದು ನೋಡಿ, ಯಾಕೆಂದರೆ ಮೂರು ಹೊಸದರ ಜೊತೆ ಒಂದು ಅಣ್ಣನನ್ನು ಸೇರಿಸಿ ಕಳಿಸುವ ಪದ್ಧತಿ ಇದೆ. ಆರು ತಿಂಗಳೊಳಗಿನದಾದರೆ ಒಳ್ಳೆಯದು, ನೆರಳಲ್ಲಿಟ್ಟ ಒಂದು ವರ್ಷದ್ದಕ್ಕೂ ಮುಖ ಸಿಂಡರಿಸಬೇಕಿಲ್ಲ. ಟೈರಿನ ಮೈಮೇಲಿನ ಸಣ್ಣ ರಬ್ಬರ್ ಕೂದಲು ಮುಟ್ಟಿ ನೋಡಿ "ಫ್ರೆಶ್ ಮಾಲು" ಅನ್ನುವವರಿದ್ದಾರೆ. ಅವು ಅಚ್ಚಿನೊಳಗೆ ಗಾಳಿ ಹೊರಹೋಗಲು ಬಿಟ್ಟ ತೂತುಗಳಲ್ಲಿ ರಬ್ಬರು ನುಗ್ಗಿ ಆದವು. ಗೋಡೌನಿನಲ್ಲಿ ಮೂರು ವರ್ಷ ಕೊಳೆತ ಟೈರಿನಲ್ಲೂ ಸೊಂಪಾಗಿಯೇ ಇರುತ್ತವೆ. ಐಎಸ್‌ಐ ಗುರುತಿದೆಯೇ ನೋಡಿಕೊಳ್ಳಿ, ಇಲ್ಲಿ ಮಾರುವ ಕಾರ್ ಟೈರಿಗೆ ಅದು ಕಡ್ಡಾಯ. ಬಿಲ್ಲಿನಲ್ಲಿ ಜಿಎಸ್‌ಟಿ 18 ಅಂತ ಇರಬೇಕು. 2025ರ ಸೆಪ್ಟೆಂಬರ್ 22ರಿಂದ 28 ಹೋಗಿ 18 ಆಗಿದೆ. ಕೆಲವು ಅಂಗಡಿಗಳ ಗೋಡೆಯ ದರಪಟ್ಟಿಗೆ ಈ ಸುದ್ದಿ ತಲುಪಿರುವುದಿಲ್ಲ.

ನಾಲ್ಕಕ್ಕೆ ದುಡ್ಡಿಲ್ಲ, ಎರಡೇ ಸಾಕು ಅನ್ನುವವರಿಗೆ ಒಂದು ಪ್ರಶ್ನೆ: ಹೊಸದು ಮುಂದಕ್ಕೋ ಹಿಂದಕ್ಕೋ? ಎಂಜಿನ್ನು ಮುಂದೆ, ಸ್ಟೀರಿಂಗು ಮುಂದೆ, ಸವೆಯುವುದೂ ಮುಂದಿನದೇ, ಆದ್ದರಿಂದ ಮುಂದಕ್ಕೆ ಎಂದು ನೂರಕ್ಕೆ ತೊಂಬತ್ತು ಜನ ಹೇಳುತ್ತಾರೆ. ತಪ್ಪು. ಹೊಸದು ಹಿಂದಕ್ಕೆ ಹೋಗಬೇಕು. ಒದ್ದೆ ತಿರುವಿನಲ್ಲಿ ಮುಂದಿನ ಟೈರು ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ, ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಆಮೇಲೆ ಕಾಲು ಎಲ್ಲಿಟ್ಟರೂ ಒಂದೇ. ಇದನ್ನು ಅಂಗಡಿಯಲ್ಲಿ ಹೇಳಿದರೆ ಅಲ್ಲಿದ್ದವರೆಲ್ಲ ಅನುಕಂಪದಿಂದ ನೋಡುತ್ತಾರೆ, ಆದರೂ ಹೇಳಿ ಹಾಕಿಸಿಕೊಳ್ಳಬೇಕು.

ವಾರಗಟ್ಟಲೆ ಹೋಲಿಕೆ ಮಾಡಿ ತಂದ ಟೈರಿನ ಹಣೆಬರಹ ನಿರ್ಧಾರವಾಗುವುದು ಜೋಡಿಸುವ ಆ ಒಂದು ಗಂಟೆಯಲ್ಲಿ. ಆ ಹೊತ್ತಿಗೆ ಸರಿಯಾಗಿ ಗಿರಾಕಿ ಎದುರಿನ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುತ್ತಿರುತ್ತಾರೆ. ಒಳಗೆ ಏನೇನು ನಡೆಯುತ್ತದೆಂದರೆ, ರಬ್ಬರ್ ವಾಲ್ವ್ ಹಳೆಯದೇ ಉಳಿಯುತ್ತದೆ. ಟೈರಿನ ಬೆಲೆಯ ಮುಂದೆ ಅದು ಚಿಲ್ಲರೆ ಕಾಸು, ಆದರೆ ಎರಡು ವರ್ಷದಲ್ಲಿ ಬಿರುಕುಬಿಟ್ಟು ರಾತ್ರೋರಾತ್ರಿ ಗಾಳಿ ಇಳಿಸುವುದು ಅದೇ. 'ಔಟ್‌ಸೈಡ್' ಎಂದು ಬರೆದ ಮಗ್ಗುಲು ಒಳಗೆ ಹೋಗುತ್ತದೆ. ಬಾಣದ ಗುರುತಿನ ಟೈರು ಹಿಮ್ಮುಖವಾಗಿ ಕೂರುತ್ತದೆ, ನೀರನ್ನು ಹೊರಗೆ ತಳ್ಳುವ ಬದಲು ಒಳಕ್ಕೆ ಎಳೆದುಕೊಳ್ಳುತ್ತದೆ. ಹಳದಿ ಚುಕ್ಕೆ ಟೈರಿನ ಹಗುರ ಭಾಗ, ಅದು ವಾಲ್ವ್ ಪಕ್ಕಕ್ಕೆ ಬಂದರೆ ಬ್ಯಾಲೆನ್ಸಿಂಗ್‌ಗೆ, ಅಂದರೆ ಚಕ್ರದ ಭಾರ ಸುತ್ತಲೂ ಸಮ ಮಾಡುವುದಕ್ಕೆ, ಕಮ್ಮಿ ತೂಕ ಸಾಕು. ಅದನ್ನು ದೃಷ್ಟಿಬೊಟ್ಟು ಅಂದುಕೊಂಡವರೂ ಇದ್ದಾರೆ.

ಬ್ಯಾಲೆನ್ಸಿಂಗ್ ಮಾಡುವಾಗ ಹಳೆಯ ಸೀಸದ ತುಂಡುಗಳನ್ನೆಲ್ಲ ಕಿತ್ತು ಶುರುಮಾಡಬೇಕು, ಯಂತ್ರ ಎರಡೂ ಕಡೆ ಸೊನ್ನೆ ತೋರಿಸುವವರೆಗೆ. ಸರಿಯಾಗದಿದ್ದರೆ ಎಂಬತ್ತು, ನೂರರ ಆಸುಪಾಸಿನಲ್ಲಿ ಸ್ಟೀರಿಂಗು ಗಡಗಡ ನಡುಗುತ್ತದೆ. ನಡುಗದೆ ಒಂದು ಕಡೆಗೆ ಎಳೆದರೆ ಅದು ಅಲೈನ್‌ಮೆಂಟಿನ ಕಾಯಿಲೆ. ಎರಡರ ದುಡ್ಡೂ ಬೇರೆ ಬೇರೆ, ಒಂದಕ್ಕೆ ಇನ್ನೊಂದು ಮದ್ದಲ್ಲ. ಹೆಚ್ಚಿನ ಸಣ್ಣ ಸೆಡಾನ್‌ಗಳಲ್ಲಿ ಮುಂದಿನ ಚಕ್ರದ ಟೋ, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡುವ ಕೋನ, ಒಂದನ್ನೇ ತಿರುಗಿಸಿ ಸರಿಮಾಡಲು ಬರುವುದು. ಹಿಂದಿನದು ಒಂದೇ ಬೀಮು, ಅಲ್ಲಿ ತಿರುಗಿಸಲು ಏನೂ ಇಲ್ಲ. ಬಿಲ್ಲಿನಲ್ಲಿ 'ರಿಯರ್ ಕ್ಯಾಂಬರ್' (ಹಿಂದಿನ ಚಕ್ರದ ವಾಲು ಸರಿಮಾಡಿದ್ದು) ಅಂತ ದುಡ್ಡು ಕಂಡರೆ, ಯಾವ ನಟ್ಟು ತಿರುಗಿಸಿದಿರಿ ತೋರಿಸಿ ಎಂದು ವಿನಯವಾಗಿ ಕೇಳಬೇಕು.

ಕೊನೆಗೆ ನಟ್ಟು. ಹುಡುಗ ಗಾಳಿ ಗನ್ನಿನಲ್ಲಿ 'ಟರ್ರ್' ಎಂದು ನಾಲ್ಕೂ ಬಿಗಿದು ಮುಂದಿನ ಕಾರಿಗೆ ಹೋಗುತ್ತಾನೆ. ಬೇಕಾದ್ದು ಸುಮಾರು 100 ನ್ಯೂಟನ್-ಮೀಟರ್, ಅಂದರೆ 25 ಸೆಂ.ಮೀ. ಉದ್ದದ ಸ್ಪ್ಯಾನರ್ ತುದಿಗೆ 40 ಕೆ.ಜಿ. ಒತ್ತಡ. ಗನ್ನು ಇದರ ಎರಡು ಪಟ್ಟು ಬಿಗಿದರೂ ಯಾರಿಗೂ ಗೊತ್ತಾಗುವುದಿಲ್ಲ, ಹಿರಿಯೂರಿನ ಬೈಪಾಸಿನಲ್ಲಿ ಪಂಚರ್ ಆಗಿ, ಡಿಕ್ಕಿಯ ಪುಟ್ಟ ಸ್ಪ್ಯಾನರಿನ ಮೇಲೆ ಮನೆಯವರೆಲ್ಲ ಸರದಿಯಲ್ಲಿ ನಿಂತು ಕುಣಿಯುವವರೆಗೆ. ಗನ್ನಿನಲ್ಲಿ ಮೆಲ್ಲಗೆ ಕೂರಿಸಿ, ಎದುರು ಬದುರು ನಟ್ಟುಗಳನ್ನು, ಬಿಗಿತ ಅಳೆದು ತೋರಿಸುವ ಟಾರ್ಕ್ ಸ್ಪ್ಯಾನರಿನಲ್ಲಿ ಕೈಯಿಂದ ಬಿಗಿಯಲು ಹೇಳಬೇಕು. ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು.

ಟೈರು ಡಿಸ್ಕಿಗೆ ಕಚ್ಚಲೆಂದು 40 ಪಿಎಸ್‌ಐವರೆಗೆ ಗಾಳಿ ಹೊಡೆದು, ಇಳಿಸಲು ಮರೆಯುವುದೂ ಮಾಮೂಲು. ಮನೆಗೆ ಬರುವಷ್ಟರಲ್ಲಿ ಕಾರು ಎತ್ತಿನಗಾಡಿಯ ಹಾಗೆ ಕುಲುಕಿ, "ಈ ಬ್ರ್ಯಾಂಡೇ ಗಟ್ಟಿ, ನಾನು ಹೇಳಿರಲಿಲ್ಲವೇ" ಎಂದು ಭಾವ ತೀರ್ಪು ಕೊಟ್ಟಾಗಿರುತ್ತದೆ. ಸರಿಯಾದ ಒತ್ತಡ ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿದೆ, ಬಹುಪಾಲು 30ರಿಂದ 33. ಟೈರಿನ ಮೇಲಿರುವ 51 ಅದರ ಗರಿಷ್ಠ ಮಿತಿ, ನಿಮಗೆ ಕೊಟ್ಟ ಸಲಹೆಯಲ್ಲ. ನೈಟ್ರೋಜನ್ ಹಾಕಿಸಲೇ ಅಂದರೆ, ಊರ ಗಾಳಿಯಲ್ಲೇ ಶೇ. 78 ಅದೇ ಇದೆ. ಉಳಿದದ್ದಕ್ಕೆ ದುಡ್ಡು ಕೊಟ್ಟರೆ ಹಸಿರು ಮುಚ್ಚಳ ಸಿಗುತ್ತದೆ. ಬಿಡುಗಡೆಗೆ ಮೊದಲು ಟೈರಿಗೆ ಬಳಿಯುವ ಪಾಲಿಶ್ ಜುಟ್ಟಿನ ಮಲ್ಲಿಗೆ ಹೂವು, ಅದು ಸೈಡ್‌ವಾಲಿಗಷ್ಟೇ ಇರಲಿ, ನೆಲ ಮುಟ್ಟುವ ಕಡೆಗೆ ತಾಗಬಾರದು. ಹೊಸ ಟೈರೂ ಮೊದಲ ಇನ್ನೂರು ಮುನ್ನೂರು ಕಿ.ಮೀ. ಸ್ವಲ್ಪ ಜಾರುತ್ತದೆ, ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆಯಂಥದ್ದು ಸವೆದು ಹೋಗಬೇಕು.

ವಾರಂಟಿ ಕಾರ್ಡು ಜೋಪಾನ, ಆದರೆ ಆಸೆ ಮಿತವಾಗಿರಲಿ. ಗುಂಡಿಗೆ ಬಡಿದು ಸೈಡ್‌ವಾಲಿನಲ್ಲಿ ನಿಂಬೆಗಾತ್ರದ ಗುಳ್ಳೆ ಎದ್ದರೆ ಒಳಗಿನ ದಾರಗಳು ಹರಿದಿವೆ ಅಂತ ಅರ್ಥ. ಅದಕ್ಕೆ ರಿಪೇರಿ ಇಲ್ಲ, ತಯಾರಿಕೆಯ ದೋಷವೂ ಅಲ್ಲ, ಟೈರು ಬದಲಿಸುವುದೊಂದೇ ದಾರಿ. ಕೆಲವು ಕಂಪನಿಗಳು ಇಂಥ ಪೆಟ್ಟಿಗೂ ರಕ್ಷಣೆ ಕೊಡುತ್ತವೆ, ಕೊಳ್ಳುವಾಗಲೇ ಕೇಳಿ ಬರೆಸಿಕೊಳ್ಳಬೇಕು. ಅಲ್ಲೂ ಉಳಿದ ತೋಡಿನ ಆಳ ಅಳೆದು ಅಷ್ಟಕ್ಕೇ ಲೆಕ್ಕ ಹಾಕುವವರೇ ಹೆಚ್ಚು.

ಸ್ಟೆಪ್ನಿಯ ತಾರೀಖನ್ನೂ ಒಮ್ಮೆ ನೋಡಿಬಿಡಿ. ಕಾರಿನ ಜೊತೆ ಬಂದದ್ದು, ಒಂದು ದಿನವೂ ನೆಲ ಮುಟ್ಟಿಲ್ಲ, ಆದ್ದರಿಂದ ಹೊಸದು ಎಂದು ಎಲ್ಲರೂ ನಂಬಿರುತ್ತಾರೆ. ಡಿಕ್ಕಿಯ ಬಿಸಿಗೆ ಅದಕ್ಕೂ ವಯಸ್ಸಾಗಿರುತ್ತದೆ, ಗಾಳಿ ಹದಿನೈದಕ್ಕೆ ಇಳಿದಿರುತ್ತದೆ. ಹಳೆಯ ನಾಲ್ಕರಲ್ಲಿ ವಾಸಿಯಾದ ಒಂದನ್ನು ಸ್ಟೆಪ್ನಿಗೆ ಉಳಿಸಿಕೊಂಡು, ಮಿಕ್ಕ ಮೂರನ್ನು ಎಕ್ಸ್‌ಚೇಂಜಿಗೆ ಕೊಡುವುದು ಲೇಸು. ಆ ಮೂರಕ್ಕೆ ಅಂಗಡಿಯವನು ಹೇಳುವ ಬೆಲೆ ಕೇಳಿ ಸಿಟ್ಟು ಬಂದು ಮನೆಗೆ ತಂದಿಟ್ಟುಕೊಂಡರೆ, ಮಳೆನೀರು ನಿಂತು ಸೊಳ್ಳೆ ಮರಿ ಹಾಕುತ್ತದೆ. ಕೊಟ್ಟು ಬನ್ನಿ.