ಅಣ್ಣಿಗೇರಿಯವರೆಲ್ಲ ಒಂದೇ ರಕ್ತ ಎಂಬ ಸುದ್ದಿಗೆ ಸ್ಪಷ್ಟನೆ

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ‘ಅಣ್ಣಿಗೇರಿ ಅಡ್ಡಹೆಸರಿನವರೆಲ್ಲ ಒಬ್ಬನೇ ಮೂಲಪುರುಷನ ವಂಶದವರು, ಜೊಲ್ಲಿನ ಡಿಎನ್ಎ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದೆ’ ಎಂದು. ಇದು ತಪ್ಪು.

ನಮ್ಮ ಕಡೆ ಅಡ್ಡಹೆಸರು ಹುಟ್ಟಿದ ರೀತಿ ನೋಡಿ. ಅಣ್ಣಿಗೇರಿ ಬಿಟ್ಟು ಬೇರೆ ಊರಿಗೆ ಬಂದವರನ್ನು ಅಲ್ಲಿನ ಜನ ‘ಅಣ್ಣಿಗೇರಿಯವರು’ ಎಂದು ಕರೆದರು. ಬಂದವರು ಒಂದೇ ಮನೆಯವರಲ್ಲ, ಒಂದೇ ಜಾತಿಯವರೂ ಅಲ್ಲ. ಮೆಣಸಿನಕಾಯಿ, ಬಡಿಗೇರ, ಪತ್ತಾರ ಇವೂ ಹಾಗೇ. ವ್ಯಾಪಾರದಿಂದ, ಕಸುಬಿನಿಂದ ಬಂದವು. ಬಡಗಿ ಕೆಲಸ ಒಂದೇ ಊರಲ್ಲಿ ಇರಲಿಲ್ಲ ಅಲ್ವಾ?

ಹಾಗಂತ ಟೆಸ್ಟ್ ಸುಮ್ನೆ ಅಲ್ಲ. ಗಂಡಸರಲ್ಲಿ ಮಾತ್ರ ಇರುವ ಡಿಎನ್ಎ ತುಣುಕು, ಅಂದರೆ ವೈ ಕ್ರೋಮೋಸೋಮ್, ತಂದೆಯಿಂದ ಮಗನಿಗೆ ಹೆಚ್ಚು ಬದಲಾಗದೆ ಇಳಿಯುತ್ತದೆ. ಅಡ್ಡಹೆಸರೂ ಹಾಗೇ ಇಳಿಯುವುದರಿಂದ ಎರಡನ್ನೂ ಹೋಲಿಸಬಹುದು. ಇಂಗ್ಲೆಂಡಿನಲ್ಲಿ ಸೈಕ್ಸ್ ಎಂಬ ಹೆಸರಿನ ಗಂಡಸರನ್ನು ಪರೀಕ್ಷಿಸಿ 2000ರಲ್ಲಿ ವರದಿ ಬಂತು. ಅಲ್ಲೂ ಒಂದೇ ವೈ ಗುರುತು ಸಿಕ್ಕಿದ್ದು ಅರ್ಧದ ಹತ್ತಿರದವರಲ್ಲಿ ಮಾತ್ರ. ನಮ್ಮಲ್ಲಿ ದತ್ತು ಮಕ್ಕಳ ಮನೆಗಳು ಬೇರೆ ಇವೆ. ಅಲ್ಲಿ ಹೆಸರು ಒಂದು, ವೈ ಇನ್ನೊಂದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹೆಣ್ಣುಮಕ್ಕಳಿಗೆ ವೈ ಇಲ್ಲ. ಅವರು ಅಪ್ಪ, ಅಣ್ಣತಮ್ಮ ಅಥವಾ ಕಾಕಾ ಅವರದು ಮಾಡಿಸಬೇಕು. ವೈ ಹೇಳುವುದೂ ಒಂದೇ ಎಳೆಯ ಕತೆ. ಮುತ್ತಜ್ಜನ ತಂದೆಯ ತಲೆಮಾರಿನಲ್ಲಿ ನಮಗೆ 16 ಹಿರಿಯರು, ಅದರಲ್ಲಿ ಒಬ್ಬರದು ಮಾತ್ರ.

ಟೆಸ್ಟಿಗೆ ದುಡ್ಡು ಹಾಕುವ ಮೊದಲು ಮನೆಯ ಹಳೆ ಹೊಲದ ಉತಾರ, ಖರೀದಿ ಪತ್ರ ತೆಗೆದು ನೋಡಿ. ಅಜ್ಜಿಯನ್ನು ಕೇಳಿ. ಇನ್ನೊಂದು ಮನೆಯವರ ಜೊತೆ ಸಂಬಂಧದ ಗುಮಾನಿ ಬಂದರೆ, ಆಗ ಎರಡೂ ಮನೆಯ ಒಬ್ಬೊಬ್ಬ ಗಂಡಸರು ಮಾಡಿಸಿ.